ತಾತನ ಮಾತು, ಮೊಮ್ಮಗನ ಹಾಡು

ಸ್ಕಾಟ್‌ಲೆಂಡಿನ ಗುಡ್ಡಗಾಡಿನವರ ಬ್ಯಾಗ್‌ಪೈಪ್ ಎಂಬ ವಾದ್ಯವನ್ನು, ನುಡಿಸುವವನು ಎಷ್ಟೇ ನಿಪುಣನಾಗಿದ್ದರೂ, ಮೆಲ್ಲನೆ ನುಡಿಸಲು ಬಾರದು. ಕಂಕುಳಲ್ಲಿ ಅದುಮಿ ಹಿಡಿದ ಚೀಲದಿಂದ ಒಂಬತ್ತೇ ಸ್ವರಗಳ ಒಂದು ಕೊಳವೆಗೂ, ಎಡೆಬಿಡದೆ ಮೊರೆಯುವ ಮೂರು ಶ್ರುತಿಕೊಳವೆಗಳಿಗೂ ಗಾಳಿ ಹರಿಯುತ್ತಿರುವಷ್ಟು ಹೊತ್ತು ಅದರ ಧ್ವನಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ; ಮೊಳಗಿದರೆ ಪೂರ್ಣಕಂಠದಿಂದ ಮೊಳಗಬೇಕು, ಇಲ್ಲವಾದರೆ ಸುಮ್ಮನಿರಬೇಕು. ಪಿಸುಮಾತು ಬಾರದ ಈ ವಾದ್ಯವೂ, ಪಿಸುಮಾತನ್ನು ಒಲ್ಲದ ಪಂಕ್ ಸಂಗೀತವೂ ಒಂದು ದಿನ ಕೈಹಿಡಿದುಕೊಂಡವೆಂದರೆ ಅದರಲ್ಲಿ ಸೋಜಿಗಪಡತಕ್ಕದ್ದು ಏನೂ ಇಲ್ಲ. ಆ ನಂಟಿಗೆ ದಾರಿ ಮಾಡಿಕೊಟ್ಟವರು 1982ರಲ್ಲಿ ಲಂಡನ್ನಿನಲ್ಲಿ ಕೂಡಿದ ಪೋಗ್ಸ್ ತಂಡದವರು. ಅವರ ಕೈಯಲ್ಲಿದ್ದುದು ತಗಡಿನ ಕೊಳಲು, ಬ್ಯಾಂಜೊ, ಅಕಾರ್ಡಿಯನ್‌ಗಳೇ ಆದರೂ, ವಲಸೆ ಬಂದ ಐರಿಷ್ ಬಡವರ ಪದಗಳನ್ನು ಹೆಂಡದಂಗಡಿಯ ಗದ್ದಲದ ನಡುವೆಯೂ ಕೇಳಿಸುವಂತೆ ಹಾಡಬಹುದೆಂದು ತೋರಿಸಿಕೊಟ್ಟ ಕೀರ್ತಿ ಅವರದು, ಅದರಲ್ಲಿಯೂ ವಿಶೇಷವಾಗಿ ಅವರ ಕವಿಯೂ ಗಾಯಕನೂ ಆಗಿದ್ದ ಶೇನ್ ಮೆಗೋವನ್‌ನದು.

ಬ್ಯಾಗ್‌ಪೈಪನ್ನೂ ಜೊತೆಗೆ ಸೇರಿಸಿಕೊಂಡ, ಅದೇ ವಂಶದ ಅಮೆರಿಕದ ಶಾಖೆ ಡ್ರಾಪ್‌ಕಿಕ್ ಮರ್ಫೀಸ್. ಬೋಸ್ಟನ್ನಿನ ಮಗ್ಗುಲಿನ ಕ್ವಿನ್ಸಿ ಎಂಬ ಊರಿನಲ್ಲಿ, ಸ್ನೇಹಿತನೊಬ್ಬನ ಕ್ಷೌರದಂಗಡಿಯ ನೆಲಮಾಳಿಗೆಯಲ್ಲಿ, 1996ರಲ್ಲಿ ಹುಟ್ಟಿಕೊಂಡ ಈ ತಂಡಕ್ಕೆ ಹೆಸರು ಬಂದದ್ದೂ ಒಂದು ಸ್ವಾರಸ್ಯದ ಸಂಗತಿಯೇ. ಕುಸ್ತಿಯ ಪೈಲ್ವಾನನಾಗಿದ್ದು, ಕುಡುಕರ ಚಟ ಬಿಡಿಸುವ ಮನೆಯೊಂದನ್ನು ನಡೆಸುತ್ತಿದ್ದ ಡಾಕ್ಟರೊಬ್ಬನ ಅಡ್ಡಹೆಸರು ಅದು. ಈ ತಂಡವು 2025ರ ಜುಲೈ 4ರಂದು, ಎಂದರೆ ಅಮೆರಿಕನ್ನರ ಸ್ವಾತಂತ್ರ್ಯೋತ್ಸವದ ದಿನದಂದೇ, ‘ಫಾರ್ ದಿ ಪೀಪಲ್’ ಎಂಬ ಹೆಸರಿನಿಂದ ಹನ್ನೆರಡು ಹಾಡುಗಳ ಹೊಸ ಆಲ್ಬಮ್ಮನ್ನು ಹೊರತಂದಿತು. ‘ಜನರಿಗಾಗಿ’ ಎಂಬ ಆ ಹೆಸರು ಯಾರನ್ನೂ ನೋಯಿಸತಕ್ಕ ಹೆಸರಲ್ಲ. ಆದರೂ ಅಭಿಮಾನಿಗಳಲ್ಲಿ ಒಂದು ಪಂಗಡದವರು ಅದನ್ನು ಎದೆಗೊತ್ತಿಕೊಂಡರೆ, ಮತ್ತೊಂದು ಪಂಗಡದವರು ಮುನಿದು ಮುಖ ತಿರುಗಿಸಿಕೊಂಡರು. ಮುನಿದವರ ದೂರು ಒಂದೇ: ಹಾಡುವವರು ಹಾಡಿಕೊಂಡಿರಬಾರದೆ, ಇವರಿಗೇಕೆ ರಾಜಕೀಯ?

ಈ ದೂರನ್ನು ತಳ್ಳಿಹಾಕುವುದಕ್ಕೆ ಮುಂಚೆ, ಅದನ್ನು ಹೇಳುವವರು ಈ ಸಂಗೀತದ ಮನೆಯೊಳಕ್ಕೆ ಯಾವ ಬಾಗಿಲಿನಿಂದ ಬಂದವರೆಂಬುದನ್ನು ಒಮ್ಮೆ ನೋಡುವುದು ನ್ಯಾಯ. ಕೆಲವರು ಬಂದದ್ದು ಬೇಸ್‌ಬಾಲ್ ಮೈದಾನದ ಬಾಗಿಲಿನಿಂದ. ಬೋಸ್ಟನ್ನಿನ ರೆಡ್ ಸಾಕ್ಸ್ ಆಟಗಾರರಿಗಾಗಿ ಹಳೆಯ ಹಾಡೊಂದನ್ನು ಇವರು 2004ರಲ್ಲಿ ಹೊಸದಾಗಿ ಕಟ್ಟಿ ಹಾಡಿದ ವರ್ಷವೇ, 1918ರಿಂದ ಕೈಗೆಟುಕದಿದ್ದ ಪ್ರಶಸ್ತಿ ಆ ತಂಡಕ್ಕೆ ದಕ್ಕಿತು. ಕೆಲವರು ಬಂದದ್ದು ಸಿನಿಮಾದ ಬಾಗಿಲಿನಿಂದ. ಮಾರ್ಟಿನ್ ಸ್ಕಾರ್ಸೆಸಿಯ 2006ರ ‘ದಿ ಡಿಪಾರ್ಟೆಡ್’ ಚಿತ್ರದಲ್ಲಿ ‘ಐಯಾಮ್ ಶಿಪ್ಪಿಂಗ್ ಅಪ್ ಟು ಬೋಸ್ಟನ್’ ಕೇಳಿದವರು ಲೋಕದಲ್ಲೆಲ್ಲ ಇದ್ದಾರೆ. ಇನ್ನೂ ಕೆಲವರಿಗೆ ಇವರು ವರ್ಷಕ್ಕೊಮ್ಮೆ, ಸೇಂಟ್ ಪ್ಯಾಟ್ರಿಕ್ ಹಬ್ಬದ ಹೊತ್ತಿಗೆ, ಹಸಿರು ಟೋಪಿ ಧರಿಸಿ ಬಿಯರ್ ಹೀರುತ್ತ ಕುಣಿಯುವುದಕ್ಕೆ ಒದಗುವ ಮೇಳದವರು, ಅಷ್ಟೆ. ಹೀಗೆ ಜಾತ್ರೆಗೆ ಬಂದವರಿಗೆ ಗರ್ಭಗುಡಿಯಲ್ಲಿ ಯಾವ ದೇವರಿದೆಯೆಂಬ ವಿಚಾರ ಹೊಳೆಯದೆ ಹೋದರೆ ಅದು ಕ್ಷಮಾರ್ಹವಾದದ್ದೇ.

ಆದರೆ ದೇವರು ಅಲ್ಲಿಯೇ ಇತ್ತು. ಮೈದಾನದಲ್ಲಿ ಸಾವಿರಾರು ಕಂಠಗಳು ಒಟ್ಟಾಗಿ ಕೂಗುವ ಆ ‘ಬೋಸ್ಟನ್’ ಹಾಡು, ಮರಗಾಲನ್ನು ಕಳೆದುಕೊಂಡ ನಾವಿಕನೊಬ್ಬನ ಆ ತುಣುಕು ಹಾಡು, ಬೇರೆ ಯಾರ ಲೇಖನಿಯಿಂದ ಬಂದದ್ದೂ ಅಲ್ಲ; ತನ್ನ ಗಿಟಾರಿನ ಮೇಲೆ ‘ಈ ಯಂತ್ರವು ಫ್ಯಾಸಿಸ್ಟರನ್ನು ಕೊಲ್ಲುತ್ತದೆ’ ಎಂಬರ್ಥದ ಮಾತನ್ನು ಬರೆದುಕೊಂಡು, ಬರಗಾಲದಿಂದ ಗುಳೆ ಹೊರಟ ರೈತರ ಪಾಡನ್ನೂ ಕೂಲಿಗಾರರ ಸಂಘಗಳ ಹೋರಾಟವನ್ನೂ ಹಾಡುತ್ತ ತಿರುಗಿ, 1967ರಲ್ಲಿ ಕಣ್ಮುಚ್ಚಿದ ವುಡಿ ಗತ್ರಿ ಎಂಬಾತನದು. ಆತ ಬರೆದಿಟ್ಟು ರಾಗ ಹಚ್ಚದೆ ಹೋದ ಹಾಳೆಗಳ ಭಂಡಾರವನ್ನು ಮಗಳು ನೋರಾ ಇವರಿಗೆ ತೆರೆದುಕೊಟ್ಟಳು. ಅದರಿಂದ 2022ರಲ್ಲಿ ಒಂದು, ಮರುವರ್ಷ ಇನ್ನೊಂದು, ಹೀಗೆ ಎರಡು ಪೂರ್ತಿ ಆಲ್ಬಮ್ಮುಗಳನ್ನು, ವಿದ್ಯುತ್ ಗಿಟಾರಿನ ಸದ್ದಿಲ್ಲದೆ, ಬರಿಯ ಮರದ ವಾದ್ಯಗಳಿಂದಲೇ ಇವರು ಕಟ್ಟಿದರು. ಗದ್ದಲ ಬಯಸಿ ಬಂದವರಿಗೆ ಅವು ಸಪ್ಪೆಯೆನಿಸಿದ್ದುಂಟು. ವೇಷ, ಗೆಜ್ಜೆ, ಕುಣಿತಗಳನ್ನೆಲ್ಲ ಕಳಚಿಟ್ಟು ಮಾತೊಂದನ್ನೇ ನಂಬಿ ಕೂತ ತಾಳಮದ್ದಳೆಯೂ ಆಟದ ಮೋಹದಿಂದ ಬಂದವನಿಗೆ ಹಾಗೆಯೇ ಕಂಡೀತು. ನನಗಂತೂ ಈ ಗಾಯಕರ ಕಂಠದ ಬಿರುಕುಗಳು ಮೊದಲು ಕಾಣಿಸಿದ್ದು ಅಲ್ಲಿಯೇ.

ತಂಡದವರು ಈಗೀಗ ಕೆಟ್ಟರೆಂದು ಹೇಳುವವರ ಸ್ಮರಣಶಕ್ತಿ ಸ್ವಲ್ಪ ಮೊಟಕಾದದ್ದೆಂದೇ ಹೇಳಬೇಕು. 1931ರಲ್ಲಿ ಕೆಂಟಕಿಯ ಹಾರ್ಲನ್ ಸೀಮೆಯ ಗಣಿಕಾರ್ಮಿಕರ ಮುಷ್ಕರದಲ್ಲಿ ಫ್ಲಾರೆನ್ಸ್ ರೀಸ್ ಎಂಬ ಹೆಣ್ಣುಮಗಳು ಕಟ್ಟಿದ, ನೀನು ಯಾರ ಕಡೆಯವನೆಂದು ಕೇಳುವ ಹಾಡನ್ನು ಇವರು ಹೊರತಂದದ್ದು 2001ರಲ್ಲಿ. ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಸರ್ಕಾರಿ ನೌಕರರ ಸಂಘಗಳ ಹಕ್ಕುಗಳನ್ನು 2011ರಲ್ಲಿ ಕತ್ತರಿಸಿದಾಗ ಕೂಲಿಗಾರರ ಬೆನ್ನಿಗೆ ನಿಂತು ಹಾಡು ಕೊಟ್ಟವರೂ ಇವರೇ. ಆ ಹಕ್ಕುಗಳನ್ನು ಕತ್ತರಿಸಿದ ರಾಜ್ಯಪಾಲನು 2015ರಲ್ಲಿ ಸಭೆಯೊಂದಕ್ಕೆ ಇವರ ‘ಬೋಸ್ಟನ್’ ಹಾಡಿನ ಮೊಳಗಿನೊಡನೆ ವೇದಿಕೆಯೇರಿದಾಗ, ದಯವಿಟ್ಟು ನಮ್ಮ ಹಾಡಿನ ಗೊಡವೆಗೆ ಬರಬೇಡವೆಂದು ಬಹಿರಂಗವಾಗಿ ಹೇಳಿದವರೂ ಇವರೇ. ಹಾಡುವವರು ನಿಂತ ಸ್ಥಳ ಬದಲಾಗಿಲ್ಲ. ಕೇಳುವವರು ಅದರಿಂದ ಎಷ್ಟು ದೂರ ಸರಿದಿದ್ದಾರೆಂಬುದು ಈಗ ಗೊತ್ತಾಯಿತು, ಅಷ್ಟೇ.

ಹಾಗೆಂದು ಹೊಸ ಆಲ್ಬಮ್ಮಿನ ಹನ್ನೆರಡು ಹಾಡುಗಳೂ ಸಮಾನವಾಗಿ ಒಳ್ಳೆಯವೆಂದು ಹೇಳುವ ದಾಕ್ಷಿಣ್ಯ ನನಗಿಲ್ಲ. ನಮ್ಮೊಡನೆ ನಿಲ್ಲುವವರಾರು ಎಂದು ಕೇಳುವ ಮೊದಲ ಹಾಡು ಮೆರವಣಿಗೆಗೆ ಯೋಗ್ಯವಾದ ಹಾಡು; ಮುಷ್ಟಿಯನ್ನು ಎತ್ತಿಸುತ್ತದೆ, ಮನೆಗೆ ಬಂದ ಮೇಲೆ ಜೊತೆಗೆ ಉಳಿಯುವುದಿಲ್ಲ. ಘೋಷಣೆಗೂ ಬ್ಯಾಗ್‌ಪೈಪಿಗೂ ಇರುವ ದೋಷ ಒಂದೇ: ಎರಡಕ್ಕೂ ದನಿ ತಗ್ಗಿಸಲು ಬಾರದು. ಉಳಿಯುವುದು ‘ಚೆಸ್ಟರ್‌ಫೀಲ್ಡ್ಸ್ ಅಂಡ್ ಆಫ್ಟರ್‌ಶೇವ್’. ಸಿಗರೇಟಿನ ವಾಸನೆ, ಕ್ಷೌರದ ಬಳಿಕ ಕೆನ್ನೆಗೆ ಹಚ್ಚುವ ದ್ರವದ ವಾಸನೆ, ಇವೆರಡರ ಹೆಸರಿನಿಂದಲೇ ತಂಡದ ಗಾಯಕ ಕೆನ್ ಕೇಸಿ ತನ್ನ ತಾತನನ್ನು ನಮ್ಮೆದುರಿಗೆ ತಂದು ನಿಲ್ಲಿಸುತ್ತಾನೆ. ಕಾರ್ಮಿಕ, ಸಂಘ, ನ್ಯಾಯ ಎಂಬ ದೊಡ್ಡ ಮಾತುಗಳು ಮಾಡಲಾರದ ಕೆಲಸವನ್ನು ಇಲ್ಲಿ ಎರಡು ವಾಸನೆಗಳು ಮಾಡುತ್ತವೆ. ಈವನ್ ಮೆಕಾಲ್ ಬರೆದ, ಪಾಠಶಾಲೆಯ ದಿನಗಳು ಮುಗಿದ ಹುಡುಗರನ್ನು ಗಣಿಯ ಕೆಲಸಕ್ಕೆ ಕರೆಯುವ ಹಳೆಯ ಹಾಡಿಗೂ ಇದೇ ಬಗೆಯ ಬಲವಿದೆ. 2023ರ ನವೆಂಬರ್ 30ರಂದು ತೀರಿಕೊಂಡ ಶೇನ್ ಮೆಗೋವನ್‌ನಿಗೆ ಹೇಳಿದ ಕೊನೆಯ ವಿದಾಯವನ್ನು ಆಲ್ಬಮ್ಮಿನ ತುದಿಯಲ್ಲಿಟ್ಟದ್ದು ಋಣಸಂದಾಯದ ರೀತಿಯಲ್ಲಿ ಉಚಿತವಾಗಿದೆ. ಕಾಯಿಲೆಯ ತಾಯಿಯ ಶುಶ್ರೂಷೆಗೆಂದು 2022ರಲ್ಲಿ ವೇದಿಕೆಯನ್ನು ಬಿಟ್ಟುಹೋದ, ತಂಡದ ಮತ್ತೊಬ್ಬ ಗಾಯಕ ಆಲ್ ಬಾರ್‌ನ ಒರಟು ಕಂಠ ಒಂದು ಹಾಡಿನಲ್ಲಿ ಮತ್ತೆ ಕೇಳಿಬಂದಾಗ, ಮುನಿದವರೂ ಮೆಚ್ಚಿದವರೂ ಒಂದು ಕ್ಷಣ ಜಗಳ ಮರೆತಿದ್ದರೆ ಆಶ್ಚರ್ಯವಿಲ್ಲ.

ಆಲ್ಬಮ್ ಹೊರಬರುವ ಕೆಲವು ತಿಂಗಳ ಮುಂಚೆ, ಮಾರ್ಚಿನಲ್ಲಿ, ಫ್ಲಾರಿಡಾದ ಸಂಗೀತ ಕಚೇರಿಯೊಂದರಲ್ಲಿ ನಡೆದ ಪ್ರಸಂಗವನ್ನು ಹಲವರು ಕೇಳಿರಬಹುದು. ಟ್ರಂಪ್ ಪರವಾದ ಘೋಷಣೆಯಿದ್ದ ಅಂಗಿ ತೊಟ್ಟು ಮುಂದೆ ನಿಂತಿದ್ದ ಅಭಿಮಾನಿಯೊಬ್ಬನನ್ನು ಕಂಡು ಕೇಸಿ ಹಾಡು ನಿಲ್ಲಿಸಿ ಒಂದು ಪಂತ ಕಟ್ಟಿದನು: ನಮ್ಮ ತಂಡ ಮಾರುವ ಅಂಗಿ ಅಮೆರಿಕದಲ್ಲಿಯೇ ತಯಾರಾದದ್ದು, ನಿನ್ನ ಅಂಗಿಯೂ ಹಾಗೆಯೇ ಆಗಿದ್ದರೆ ನೂರು ಡಾಲರು ನಿನಗೆ, ಇಲ್ಲವಾದರೆ ಅಂಗಿ ಬದಲಾಯಿಸಿಕೊಳ್ಳಬೇಕು. ಕತ್ತುಪಟ್ಟಿಯ ಚೀಟಿ ನೋಡಿದರೆ ನಿಕರಾಗುವಾ ಎಂದಿತ್ತು. ಆತ ಸಂಕೋಚವಿಲ್ಲದೆ ಅಂಗಿ ಕಳಚಿಕೊಟ್ಟು, ತಂಡದ ಅಂಗಿ ತೊಟ್ಟುಕೊಂಡನು. ಬೈದಾಟದಲ್ಲಿ ಮುಗಿಯಬಹುದಾಗಿದ್ದ ಜಗಳ ಅಂಗಿಯ ಚೀಟಿಯಲ್ಲಿ ಮುಗಿಯಿತು. ಅಭಿಮಾನಿಯನ್ನು ಹೊರದೂಡದೆ ಅವನೊಡನೆ ವಾದಿಸುವ ಈ ಪರಿಯನ್ನು, ಆಲ್ಬಮ್ಮಿನ ಕೆಲವು ಹಾಡುಗಳಿಗಿಂತಲೂ ಹೆಚ್ಚಾಗಿ ನಾನು ಮೆಚ್ಚಿಕೊಂಡೆನು.

ಹೊಸ ಆಲ್ಬಮ್ಮಿನ ಮೇಲೆ ಮುನಿಸಿಕೊಂಡವರು ದಯಮಾಡಿ ಒಂದು ಕೆಲಸ ಮಾಡಬೇಕು. ತಂಡವು 1997ರಲ್ಲಿ ಹಾಡಿದ ‘ಬಾಯ್ಸ್ ಆನ್ ದಿ ಡಾಕ್ಸ್’ ಎಂಬ ಹಾಡನ್ನು ಹುಡುಕಿ ತೆಗೆದು ಮೊದಲು ಕೇಳಲಿ. ಹಡಗುಕಟ್ಟೆಯ ಕೂಲಿಗಾರರನ್ನು ಸಂಘಟಿಸಿದ ಒಬ್ಬ ಮನುಷ್ಯನ ನೆನಪಿಗೆಂದು ಕಟ್ಟಿದ ಹಾಡು ಅದು. ಆಮೇಲೆ ‘ಚೆಸ್ಟರ್‌ಫೀಲ್ಡ್ಸ್’ ಕೇಳಲಿ. ಎರಡರಲ್ಲಿಯೂ ಇರುವವನು ಒಬ್ಬನೇ ತಾತ.