ಹಸುಗೂಸಿನ ನಿದ್ದೆಗೆ ಸೂತಕವೆಲ್ಲಿ?

ಬಸವಾದಿ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಅವುಗಳಲ್ಲಿ ಜನನಸೂತಕವೂ ಒಂದು. ಈ ನಿಲುವಿಗೂ ಶಿಶುವಿನ ಮಿದುಳಿನ ಬೆಳವಣಿಗೆಗೂ ನಿಕಟ ಸಂಬಂಧವಿದೆಯೆಂಬುದು ನಮ್ಮ ಅಭಿಪ್ರಾಯ.

ನವಜಾತ ಶಿಶು ದಿನಕ್ಕೆ ಸುಮಾರು 16 ಗಂಟೆ ನಿದ್ರಿಸುತ್ತದೆ. ಅದರಲ್ಲಿ ಅರ್ಧದಷ್ಟು ಚಂಚಲ ನಿದ್ರೆ. ಆಗ ರೆಪ್ಪೆಯಡಿ ಕಣ್ಣು ಚಲಿಸುತ್ತದೆ, ತುಟಿ ಅರಳುತ್ತದೆ. ದೇವರು ನಗಿಸುತ್ತಿದ್ದಾನೆ ಎಂದು ಹಿರಿಯರು ಹೇಳುವುದು ಆ ಹೊತ್ತಿನಲ್ಲಿಯೇ. ಮಿದುಳಿನ ನರಕೋಶಗಳು ತಮ್ಮ ಸಂಪರ್ಕಗಳನ್ನು ಹೆಣೆದುಕೊಳ್ಳಲು ಈ ನಿದ್ರೆ ನೆರವಾಗುತ್ತದೆ. ಅವಧಿಗೆ ಬಹಳ ಮುನ್ನ ಜನಿಸಿದ ಶಿಶುವಿನ ಇ.ಇ.ಜಿ. ದಾಖಲೆಯಲ್ಲಿ ವಿದ್ಯುತ್ ಅಲೆಗಳ ನಡುವೆ ದೀರ್ಘ ಮೌನಗಳು ಕಾಣುತ್ತವೆ. ವಾರಗಳು ಕಳೆದಂತೆ ಅವು ತುಂಬಿಬರುತ್ತವೆ. ಎಂದರೆ, 37 ವಾರ ತುಂಬುವ ಮೊದಲೇ ಹುಟ್ಟಿದ ಕೂಸು ಗರ್ಭದಲ್ಲಿ ಮುಗಿಯಬೇಕಿದ್ದ ಕಾರ್ಯವನ್ನು ಹೊರಗೆ ಮುಗಿಸಬೇಕಾಗುತ್ತದೆ. ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಕೂಸಿನ ಮೈಯಲ್ಲಿ ಕೊಬ್ಬು ಅಲ್ಪ. ಅದು ಬೇಗ ತಣ್ಣಗಾಗುತ್ತದೆ. ಇಂತಹ ಕೂಸುಗಳಿಗೆ ಬೇಕಾದುದು ಬಿಸುಪು, ಎದೆಹಾಲು ಮತ್ತು ಭಂಗವಿಲ್ಲದ ನಿದ್ದೆ.

ಆದರೆ ನಮ್ಮ ಹಿರಿಯೂರು, ಹೊಸದುರ್ಗ ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನು ಕೂಸಿನೊಡನೆ ಊರ ಹೊರಗಿರಿಸುವ ವಾಡಿಕೆ ಇನ್ನೂ ಪೂರ್ಣವಾಗಿ ಅಳಿದಿಲ್ಲ. 2023ರ ಜುಲೈ ತಿಂಗಳಲ್ಲಿ ನೆರೆಯ ತುಮಕೂರು ತಾಲ್ಲೂಕಿನ ಹಟ್ಟಿಯೊಂದರ ಹೊರಗೆ, ಮಳೆ ಗಾಳಿಗೆ ತೆರೆದ ಗುಡಿಸಿಲಿನಲ್ಲಿದ್ದ ಹಸುಗೂಸು ತೀರಿಕೊಂಡಿತು. ಹಟ್ಟಿಯವರನ್ನು ಹಳಿಯುವುದು ಸುಲಭ. ಶರಣರ ಹೆಸರು ಹೇಳುವ ನಮ್ಮ ಮನೆಗಳಲ್ಲಿ ಪುರುಡಿನ ಲೆಕ್ಕ ನಿಂತಿದೆಯೇ? ಬಾಣಂತಿಯ ಕೋಣೆಯಲ್ಲಿ ಇದ್ದಿಲ ಹೊಗೆ ತುಂಬುವುದು ತಪ್ಪಿದೆಯೇ?

ಪರಿಹಾರ ದುಬಾರಿಯಲ್ಲ. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಆರಂಭವಾದ ಕಾಂಗರೂ ಆರೈಕೆಯಲ್ಲಿ ಕೂಸನ್ನು ತಾಯಿಯ ಬರಿಯ ಎದೆಗೆ ಒರಗಿಸಿಡುತ್ತಾರೆ. ಮೈ ಬೆಚ್ಚಗಿರುತ್ತದೆ, ಶಾಂತ ನಿದ್ರೆ ಹೆಚ್ಚುತ್ತದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ವ್ಯಾಪಕವಾಗಿ ಅಳವಡಿಸುವ ಪ್ರಯತ್ನ ನಡೆದಿದೆ. ತಂದೆಯೂ, ಅಜ್ಜಿಯೂ ಹೀಗೆ ಕೂಸನ್ನು ಎದೆಗಪ್ಪಿಕೊಳ್ಳಬಹುದು. ಆಸ್ಪತ್ರೆಯ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 42 ದಿನಗಳಲ್ಲಿ ಆರು ಬಾರಿ ಮನೆಗೆ ಬರುತ್ತಾರೆ. ಸೂತಕದ ನೆಪದಲ್ಲಿ ಅವರನ್ನು ಹೊಸ್ತಿಲಲ್ಲಿ ತಡೆಯಬಾರದು.

ಹೊಳಲ್ಕೆರೆಯಿಂದ ಚಿತ್ರದುರ್ಗದವರೆಗೆ ಲಿಂಗಧಾರಣೆಗೆಂದು ಮನೆಗಳಿಗೆ ಹೋಗುವ ಜಂಗಮಮೂರ್ತಿಗಳಲ್ಲಿ ನಮ್ಮದೊಂದು ಬಿನ್ನಹ: ಕೂಸು ಎಷ್ಟು ವಾರಕ್ಕೆ ಹುಟ್ಟಿತು, ಎಷ್ಟು ತೂಗಿತು, ಎಲ್ಲಿ ಮಲಗುತ್ತದೆ ಎಂದು ಕೇಳಿರಿ. ತಾಯಿಯ ಮಗ್ಗುಲಲ್ಲಿ, ಮನೆಯೊಳಗೆ ಎಂಬ ಉತ್ತರ ಎಲ್ಲೆಡೆ ಬರುವಂತಾಗಲಿ.