ಬಾಲಿಗ್ ಆದರೆ ಸಾಕೇ? ಮಕ್ಕಳ ಕೈಗೆ ಗಾಡಿಯ ಕೀಲಿಕೈ ಕೊಡುವ ಮುನ್ನ

ಕಳೆದ ತಿಂಗಳು ಜುಮಾ ನಮಾಝಿನ ಬಳಿಕ ಚಾಮರಾಜಪೇಟೆಯ ತಂದೆಯೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. "ಹಜ್ರತ್, ನನ್ನ ಮಗನಿಗೆ ಹದಿನೈದು ತುಂಬಿತು. ನಮಾಝ್, ರೋಝಾ ಎಲ್ಲವೂ ಅವನ ಮೇಲೆ ಫರ್ಝ್ ಆಗಿದೆ. ಅಲ್ಲಾಹನ ಮುಂದೆ ಲೆಕ್ಕ ಕೊಡಬೇಕಾದ ಹುಡುಗ ಒಂದು ಸ್ಕೂಟರ್ ಓಡಿಸಬಾರದೇ?" ಎಂದು ಕೇಳಿದರು. ಅದು ತಮಾಷೆಯ ಪ್ರಶ್ನೆಯಾಗಿರಲಿಲ್ಲ. ನಮ್ಮ ಮೊಹಲ್ಲಾಗಳಲ್ಲಿ ಬಹಳಷ್ಟು ಮಂದಿ ಮನಸ್ಸಿನೊಳಗೆ ಒಪ್ಪಿಕೊಂಡಿರುವ ವಾದವೇ ಅದು. ಅವರು ಆಧಾರವನ್ನೂ ಕೊಟ್ಟರು. ಅಬ್ದುಲ್ಲಾ ಇಬ್ನ್ ಉಮರ್(ರ) ಹದಿನಾಲ್ಕು ವರ್ಷದವರಿದ್ದಾಗ ಉಹುದ್ ಯುದ್ಧಕ್ಕೆ ಹೊರಟರು, ಪ್ರವಾದಿ(ಸ) ಅನುಮತಿ ಕೊಡಲಿಲ್ಲ. ಹದಿನೈದನೆಯ ವಯಸ್ಸಿನಲ್ಲಿ ಖಂದಕ್‌ಗೆ ಬಂದಾಗ ಅನುಮತಿ ದೊರೆಯಿತು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಈ ವರದಿ ಸರಿಯಾದುದೇ. ಆದರೆ ಅದರ ಮೊದಲ ಅರ್ಧವನ್ನು ಆ ತಂದೆ ಗಮನಿಸಿದಂತೆ ಕಾಣಲಿಲ್ಲ. ಉತ್ಸಾಹದಿಂದ ಮುಂದೆ ಬಂದ ಹುಡುಗನನ್ನು ವಯಸ್ಸು ಸಾಲದೆಂದು ಹಿಂದಕ್ಕೆ ಕಳುಹಿಸಲಾಯಿತು, ಆ ಹುಡುಗ ಕಾದರು.

ಆ ದಿನ ನಾವು ಉತ್ತರಿಸದೆ ಸುಮ್ಮನಾದೆವು. ಕಾರಣವನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಎರಡು ವರ್ಷಗಳ ಹಿಂದಿನ ರಮಝಾನ್. ಅಸರ್ ಮುಗಿದಿತ್ತು, ಇಫ್ತಾರಿಗೆ ಹಣ್ಣು ಸಾಲದೆಂದು ತಿಳಿಯಿತು. ನಮ್ಮ ಬಳಿ ಓದುತ್ತಿದ್ದ ಹದಿನೈದರ ಹುಡುಗನೊಬ್ಬನ ಕೈಗೆ ನಮ್ಮದೇ ಸ್ಕೂಟರಿನ ಕೀಲಿಕೈ ಕೊಟ್ಟು ಸಿಟಿ ಮಾರ್ಕೆಟ್‌ಗೆ ಹೋಗಿ ಬಾ ಎಂದೆವು. ಅವನಿಗೆ ಓಡಿಸಲು ಬರುತ್ತದೆಯೇ ಎಂದು ಕೇಳಲಿಲ್ಲ, ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಹಿಂದಿರುಗುವಾಗ ಅಡ್ಡರಸ್ತೆಯ ತಿರುವಿನಲ್ಲಿ ಹೂವಿನ ಬುಟ್ಟಿ ಹೊತ್ತು ರಸ್ತೆ ದಾಟುತ್ತಿದ್ದ ವೃದ್ಧೆಗೆ ಗಾಡಿ ತಾಗಿತು. ಮುಂಗೈ ಮುರಿಯಿತು. ಕಲ್ಲಂಗಡಿಯೂ ಸೇವಂತಿಗೆಯೂ ರಸ್ತೆಯ ತುಂಬ ಚೆಲ್ಲಿದವು. ನಾವು ಓಡಿ ಹೋದಾಗ ಹುಡುಗ ನಡುಗುತ್ತ ನಿಂತಿದ್ದ, ಅಜ್ಜಿ ಕಟ್ಟೆಯ ಮೇಲೆ ಕೈ ಹಿಡಿದು ಕುಳಿತಿದ್ದರು.

ಅಪಘಾತಕ್ಕಿಂತ ಅನಂತರದ ಒಂದು ಗಂಟೆ ನಮ್ಮನ್ನು ಇಂದಿಗೂ ಕಾಡುತ್ತದೆ. ಹಿತೈಷಿಗಳೊಬ್ಬರು ಕಿವಿಯಲ್ಲಿ ಹೇಳಿದರು: ಇವನ ಅಣ್ಣನಿಗೆ ಲೈಸೆನ್ಸ್ ಇದೆ, ಅವನೇ ಓಡಿಸುತ್ತಿದ್ದ ಎಂದುಬಿಡಿ. ಮತ್ತೊಬ್ಬರು ತಕ್ದೀರ್ ಎಂದರು. ರೋಝಾ ಹಿಡಿದ ಬಾಯಿಗಳು ಸುಳ್ಳು ಸಾಕ್ಷಿಯೊಂದನ್ನು ಸಿದ್ಧಪಡಿಸುತ್ತಿದ್ದವು, ನಾವು ಅದನ್ನು ಕೂಡಲೇ ತಡೆಯಲಿಲ್ಲ. ಅಷ್ಟರಲ್ಲಿ ಅಜ್ಜಿಯೇ ಹೇಳಿದರು: "ಮಗು ಮೇಲೆ ಏನ್ ಕೇಸ್ ಹಾಕ್ಲಿ ಸಾಬ್ರೇ, ಅವನ ಕೈಗೆ ಗಾಡಿ ಕೊಟ್ಟೋರು ಯಾರು ಅಂತ ಕೇಳಿ." ಕೊಟ್ಟವರು ಅವರ ಎದುರಿಗೇ ನಿಂತಿದ್ದರು. ಚಿಕಿತ್ಸೆಯ ಖರ್ಚು, ವ್ಯಾಪಾರವಿಲ್ಲದ ಎರಡು ತಿಂಗಳ ಖರ್ಚು ನಾವು ಭರಿಸಿದೆವು. ಅವರು ದೂರು ಕೊಡಲಿಲ್ಲ. ಅಂದು ನಮಗೆ ಆದ ನಿರಾಳತೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಕಾನೂನು ಹೇಳುವುದೂ ಅಜ್ಜಿಯ ಮಾತನ್ನೇ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಲಾದ 199ಎ ಕಲಮಿನ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ಮಾಲೀಕರೇ ತಪ್ಪಿತಸ್ಥರೆಂದು ಭಾವಿಸಲಾಗುತ್ತದೆ. ತಮಗೆ ತಿಳಿಯದೆ ನಡೆಯಿತು, ತಡೆಯಲು ಯತ್ನಿಸಿದ್ದೆವು ಎಂಬುದನ್ನು ಅವರೇ ಸಾಬೀತುಪಡಿಸಬೇಕು. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಕಲಿಕಾ ಪರವಾನಗಿಯೂ ಇಲ್ಲ. ಗಾಡಿಗೆ ವಿಮೆ ಇದೆಯಲ್ಲ ಎನ್ನುವವರಿಗೆ ಒಂದು ಮಾತು: ಓಡಿಸಿದವನಿಗೆ ಪರವಾನಗಿ ಇಲ್ಲದಿದ್ದರೆ, ನೊಂದವರಿಗೆ ಕೊಟ್ಟ ಪರಿಹಾರವನ್ನು ವಿಮಾ ಕಂಪೆನಿ ಮಾಲೀಕನಿಂದ ವಸೂಲಿ ಮಾಡಬಹುದು. ಹದಿನಾರಕ್ಕೇ ಪರವಾನಗಿ ಉಂಟಲ್ಲ ಎಂದೂ ಕೆಲವರು ಹೇಳುತ್ತಾರೆ. ಉಂಟು, ಆದರೆ ಅದು 50 ಸಿಸಿ ಮೀರದ, ಗೇರಿಲ್ಲದ ಗಾಡಿಗೆ, ಪೋಷಕರ ಒಪ್ಪಿಗೆಯೊಂದಿಗೆ. ಇಂದು ನಮ್ಮ ಮನೆಗಳ ಮುಂದೆ ನಿಂತಿರುವ ಸ್ಕೂಟರುಗಳು 110, 125 ಸಿಸಿಯವು.

ಈಗ ಆ ತಂದೆಯ ಪ್ರಶ್ನೆಗೆ ಬರೋಣ. ಬಾಲಿಗ್ ಆದವನು ಇಬಾದತ್‌ಗೆ ಹೊಣೆಗಾರ, ನಿಜ. ಅವನ ನಮಾಝ್ ತಪ್ಪಿದರೆ ನಷ್ಟ ಅವನದು. ಅವನ ಬ್ರೇಕ್ ತಪ್ಪಿದರೆ ಮುರಿಯುವುದು ಇನ್ನೊಬ್ಬರ ಕೈ. ಇತರರ ಹಕ್ಕು, ಸೊತ್ತು ಸೇರಿದ ವಿಷಯಗಳಲ್ಲಿ ಕುರ್‌ಆನ್ ಕೇವಲ ವಯಸ್ಸನ್ನು ನೋಡುವುದಿಲ್ಲ. ಅನಾಥರ ಸೊತ್ತನ್ನು ಅವರಿಗೆ ಒಪ್ಪಿಸುವ ಕುರಿತು ಸೂರಃ ಅನ್ನಿಸಾದ ಆರನೆಯ ವಚನದಲ್ಲಿರುವ ಆದೇಶವನ್ನು ಗಮನಿಸಿರಿ. ಪ್ರಾಯಕ್ಕೆ ಬರುವವರೆಗೆ ಅವರನ್ನು ಪರೀಕ್ಷಿಸುತ್ತಿರಬೇಕು. ಪ್ರಾಯಕ್ಕೆ ಬಂದ ಮೇಲೂ ಅವರಲ್ಲಿ 'ರುಷ್ದ್' ಅಂದರೆ ವಿವೇಕ ಕಂಡರೆ ಮಾತ್ರ ಒಪ್ಪಿಸಬೇಕು. ಬುಲೂಗ್ ಒಂದು, ರುಷ್ದ್ ಇನ್ನೊಂದು. ಮೊದಲನೆಯದು ದೇಹದಲ್ಲಿ ತಾನಾಗಿ ಬರುತ್ತದೆ, ಎರಡನೆಯದನ್ನು ಯಾರಾದರೂ ಪರೀಕ್ಷಿಸಿ ಕಂಡುಕೊಳ್ಳಬೇಕು. ತನ್ನದೇ ಸೊತ್ತನ್ನು ಪಡೆಯಲು ಇಷ್ಟು ಶರತ್ತಿರುವಾಗ ನೂರು ಕಿಲೋ ತೂಕದ ಯಂತ್ರವನ್ನು ಜನನಿಬಿಡ ಬೀದಿಗೆ ಇಳಿಸಲು ಶರತ್ತು ಬೇಡವೇ? ಪ್ರಾಯಕ್ಕೆ ಬಂದರೂ ವಿವೇಕ ಕಾಣದವನ ಸೊತ್ತನ್ನು 25 ವರ್ಷದವರೆಗೆ ತಡೆಹಿಡಿಯಬಹುದೆಂಬುದು ಇಮಾಮ್ ಅಬೂ ಹನೀಫಾ(ರಹ್)ರ ಅಭಿಪ್ರಾಯ. 199ಎ ಕಲಮಿನಲ್ಲಿ ಅದೇ ಅಂಕಿಯನ್ನು ಕಂಡಾಗ ನಮಗೆ ನಗು ಬಂದಿತ್ತು.

ನಮ್ಮ ಕಾಲದಲ್ಲಿ ರುಷ್ದ್‌ನ ಪರೀಕ್ಷೆ ನಡೆಯುವುದು ಪರವಾನಗಿಯ ಮೂಲಕ. ಆದುದರಿಂದಲೇ ಆ ಪರೀಕ್ಷೆಯನ್ನು ನಾವು ಮಾಡುತ್ತಿರುವ ರೀತಿ ನೋವು ತರುತ್ತದೆ. ಎಲ್‌ಎಲ್‌ಆರ್ ಪರೀಕ್ಷೆಯನ್ನು ಈಗ ಮನೆಯಲ್ಲೇ ಕುಳಿತು ಬರೆಯಬಹುದು. ಪಕ್ಕದಲ್ಲಿ ಅಣ್ಣ ಕುಳಿತು ಉತ್ತರ ಹೇಳಿಕೊಡುತ್ತಾನೆ. ಎಲ್‌ಎಲ್‌ಆರ್ ಪಡೆದ ಬಳಿಕ ಪಕ್ಕಾ ಪರವಾನಗಿಯ ಪರೀಕ್ಷೆಗೆ ಕನಿಷ್ಠ ಮೂವತ್ತು ದಿನ ಕಾಯಬೇಕು. ಕಲಿಯಲೆಂದು ಇರುವ ಆ ದಿನಗಳಲ್ಲಿ ಎಷ್ಟು ಮಂದಿ ತಂದೆಯರು ಮಗನ ಹಿಂದೆ ಕುಳಿತು ಬೆಳಗಿನ ಖಾಲಿ ರಸ್ತೆಯಲ್ಲಿ ಕಲಿಸುತ್ತಾರೆ? ಮಧ್ಯವರ್ತಿಗೆ ಹಣ ಕೊಟ್ಟು ಕಾರ್ಡು ತರಿಸಿಕೊಂಡರೆ ಕಾರ್ಡು ಬರುತ್ತದೆ, ರುಷ್ದ್ ಬರುವುದಿಲ್ಲ. ಮಗ ಜೀವನದಲ್ಲಿ ಸರಕಾರದ ಮುಂದೆ ಬರೆಯುವ ಮೊದಲ ಸಹಿಯೇ ಸುಳ್ಳಿನದಾಗಬೇಕೇ?

ಇನ್ನೊಂದು ಮಾತನ್ನು ಸೇರಿಸದಿರಲಾರೆವು. ಹದಿನೈದರ ಮಗನ ಕೈಗೆ ಕೀಲಿಕೈ ಎಸೆಯುವ ಮನೆಯಲ್ಲೇ ಪರವಾನಗಿ ಪಡೆದ ಇಪ್ಪತ್ತರ ಮಗಳಿಗೆ ಗಾಡಿ ಸಿಗುವುದಿಲ್ಲ. ಕಾಲೇಜಿಗೆ ಅವಳನ್ನು ಬಿಡಲು ಹೋಗುವವನು ಪರವಾನಗಿಯಿಲ್ಲದ ತಮ್ಮ! ಇದು ಯಾವ ಹಯಾ, ಯಾವ ರಕ್ಷಣೆ ಎಂಬುದು ನಮಗೆ ಅರ್ಥವಾಗಿಲ್ಲ.

ಚಾಮರಾಜಪೇಟೆಯನ್ನು 1892ರಲ್ಲಿ ಯೋಜಿಸಿದಾಗ ಈ ಬೀದಿಗಳಲ್ಲಿ ಓಡುತ್ತಿದ್ದುದು ಜಟಕಾ, ಎತ್ತಿನ ಗಾಡಿಗಳು. ಇಂದು ಅದೇ ಅಗಲದ ಅಡ್ಡರಸ್ತೆಯಲ್ಲಿ ಶಾಲೆಯ ಮಕ್ಕಳು, ತಳ್ಳುಗಾಡಿ, ಆಟೋ, ನಮಾಝಿಗೆ ನಡೆದು ಬರುವ ಹಿರಿಯರು ಎಲ್ಲರೂ ಇದ್ದಾರೆ. ಶಬೇ ಬರಾಅತ್ ರಾತ್ರಿ ಹುಡುಗರು ವ್ಹೀಲಿ ಮಾಡುತ್ತಾರೆಂದು ಪೊಲೀಸರು ನಗರದ ಮೇಲ್ಸೇತುವೆಗಳನ್ನು ಮುಚ್ಚಿದ್ದುಂಟು. ಖಬರಸ್ಥಾನಕ್ಕೆ ಹೋಗಿ ಸತ್ತವರಿಗಾಗಿ ದುಆ ಮಾಡುವ ರಾತ್ರಿಯದು. ಇದರ ಬಗ್ಗೆ ನಮ್ಮ ಮಿಂಬರುಗಳಿಂದ ಎಷ್ಟು ಖುತುಬಾಗಳು ಬಂದಿವೆ? ಪೊಲೀಸರ ತಡೆಬೇಲಿಯ ಬಗ್ಗೆ ದೂರುವ ಮೊದಲು ಇದನ್ನು ಕೇಳಿಕೊಳ್ಳಬೇಕಾಗಿದೆ.

ಅರಫಾದಿಂದ ಮರಳುವಾಗ ಹಿಂದಿನಿಂದ ಜನರು ಒಂಟೆಗಳನ್ನು ಹೊಡೆದು ಗದರಿಸಿ ಓಡಿಸುವ ಸದ್ದು ಪ್ರವಾದಿ(ಸ)ರಿಗೆ ಕೇಳಿಸಿತು. ಶಾಂತರಾಗಿರಿ, ಧಾವಂತದಲ್ಲಿ ಪುಣ್ಯವಿಲ್ಲವೆಂದು ಅವರು ತಿಳಿಹೇಳಿದರು. ಸ್ವತಃ ಅವರು ಜನಸಂದಣಿಯಲ್ಲಿ ಮಂದಗತಿಯಲ್ಲಿ ಸಾಗಿ, ತೆರವಾದ ಜಾಗ ಕಂಡಾಗ ಮಾತ್ರ ವೇಗ ಹೆಚ್ಚಿಸುತ್ತಿದ್ದರೆಂದು ಉಸಾಮಾ(ರ) ವರದಿ ಮಾಡಿದ್ದಾರೆ. ಹುಡುಗರಿಗೆ ಸವಾರಿ ಕಲಿಸುವಾಗ ನಾವು ಮೊದಲು ಹೇಳುವ ಹದೀಸ್ ಈಗ ಇದೇ.

ಹೌದು, ಕಲಿಸುತ್ತಿದ್ದೇವೆ. ಆ ಹುಡುಗನಿಗೆ ಈ ವರ್ಷ ಹದಿನೆಂಟು ತುಂಬಿತು. ಎಲ್‌ಎಲ್‌ಆರ್ ಪರೀಕ್ಷೆಯ ಹಿಂದಿನ ದಿನ ಮದ್ರಸಕ್ಕೆ ಬಂದು ಸಂಚಾರ ಚಿಹ್ನೆಗಳ ಪುಸ್ತಕ ಕೊಟ್ಟು, "ಹಜ್ರತ್, ಕೇಳಿ" ಎಂದ. ಎರಡು ಚಿಹ್ನೆ ತಪ್ಪಿದ. ಒಂದು ನಮಗೂ ಗೊತ್ತಿರಲಿಲ್ಲ. ಮರುದಿನ ಅವನೊಬ್ಬನೇ ಕುಳಿತು ಬರೆದು ಉತ್ತೀರ್ಣನಾದ. ಈಗ ಫಜ್ರ್ ಆದ ಮೇಲೆ ನಾವು ಅವನ ಹಿಂದೆ ಹೆಲ್ಮೆಟ್ ಹಾಕಿಕೊಂಡು ಕೂರುತ್ತೇವೆ. ಆ ತಿರುವು ಬಂದಾಗ ಅವನು ಗಾಡಿಯನ್ನು ಪೂರ್ತಿ ನಿಲ್ಲಿಸಿ, ಎರಡೂ ಕಡೆ ನೋಡಿ, ಆಮೇಲೆ ಹೊರಡುತ್ತಾನೆ. ಅಜ್ಜಿ ಅಷ್ಟು ಹೊತ್ತಿಗೆ ಅಲ್ಲಿ ಹೂ ಕಟ್ಟುತ್ತ ಕುಳಿತಿರುತ್ತಾರೆ.