ಭಾಗ 4: ಎಲ್ಲಾ ರೋಗಕ್ಕೂ ವಿ8 ಮದ್ದಲ್ಲ

ಮಗಾ, ಒಂದು ನಿಮಿಷ ರೀಲ್ ನಿಲ್ಲಿಸಿ ಇದನ್ನ ಓದು.

ಹಳೇ ಪಿಕಪ್ ಅಂದ್ರೆ ಸಾಕು, ನಮ್ಮ ಕ್ಲಾಸಲ್ಲಿ ಎಲ್ಲರದ್ದೂ ಒಂದೇ ಮಂತ್ರ: "ಎಲ್‌ಎಸ್ ಹಾಕು". ಜಿಎಂನ ಎಲ್‌ಎಸ್ ವಿ8 ಒಳ್ಳೇ ಎಂಜಿನ್, ತಕರಾರಿಲ್ಲ. ಆದ್ರೆ ಅಮೆರಿಕದ 1967ರ ಫೋರ್ಡ್ ಎಫ್-100 ತಗೋ. ಅದಕ್ಕೆ ಎಲ್‌ಎಸ್ ಕೂರಿಸಬೇಕಂದ್ರೆ ಬೇರೆ ಮೌಂಟ್, ವೈರಿಂಗ್, ಇಸಿಯು, ಹೈ ಪ್ರೆಶರ್ ಫ್ಯೂಯಲ್ ಪಂಪ್, ಗೇರ್‌ಬಾಕ್ಸ್. ಎಂಜಿನ್ ಅಗ್ಗಕ್ಕೆ ಸಿಕ್ತು ಅಂತ ಕುಣಿದವನ ಗಾಡಿ ಟಾರ್ಪಾಲಿನ್ ಕೆಳಗೇ ತುಕ್ಕು ಹಿಡಿಯುತ್ತೆ. ಹೇಗೋ ಓಡಿಸಿದೆ ಅನ್ನು, ನಿಲ್ಲಿಸೋದು ಹೇಗೆ? ನಾಲ್ಕೂ ಚಕ್ರಕ್ಕೆ ಇರೋದು ಹಳೇ ಡ್ರಮ್ ಬ್ರೇಕ್!

ಅದೇ ಗಾಡಿಗೆ ಫೋರ್ಡ್‌ನದೇ 300 ಇನ್‌ಲೈನ್ ಸಿಕ್ಸ್ ಇದೆ. 4.9 ಲೀಟರ್, 1965ರಿಂದ 1996ರವರೆಗೆ ಬಂದ ಎಂಜಿನ್. ಟೈಮಿಂಗ್‌ಗೆ ಚೈನೂ ಇಲ್ಲ, ಬೆಲ್ಟೂ ಇಲ್ಲ, ಬರೀ ಗೇರ್. ಕಡಿಮೆ ಆರ್‌ಪಿಎಂನಲ್ಲೇ ಟಾರ್ಕ್ ಕೊಡುತ್ತೆ. ಲೋಡ್ ಎಳೆಯೋ ಗಾಡಿಗೆ ಬೇಕಿರೋದು ಅದೇ ತಾನೆ? ಮೊದಲಿಂದ 240 ಸಿಕ್ಸ್ ಇದ್ದ ಗಾಡಿಯಾದ್ರೆ ಅದೇ ಮೌಂಟ್‌ಗೆ ಕೂರುತ್ತೆ.

ಈ ಗಾಡಿ ಏನು ಕೆಲಸ ಮಾಡಬೇಕು ಅಂತ ಮೊದಲು ಕೇಳ್ಕೋ. ಹಾರ್ಸ್‌ಪವರ್ ಆಮೇಲೆ.

ಒಪ್ಪಲ್ವಾ? ಕಾಮೆಂಟಲ್ಲಿ ಜಗಳಕ್ಕೆ ಬಾ. ಬರುವಾಗ ಬ್ರೇಕ್ ಖರ್ಚಿನ ಲೆಕ್ಕನೂ ತಗೊಂಡು ಬಾ.